ಗಾಜಿನ ಎಳೆಯಲ್ಲಿ ಗಡಿಯಾರದ ಮಿಡಿತ

ಟೆಲಿವಿಷನ್ ಸ್ಟುಡಿಯೊ ಒಂದನ್ನು ನೀವು ಒಳಹೊಕ್ಕು ನೋಡಿದ್ದೀರಾ? ನೋಡಿಲ್ಲವಾದರೆ ಹೀಗೆ ಊಹಿಸಿಕೊಳ್ಳಿ. ಮೂರು ನಾಲ್ಕು ಕ್ಯಾಮೆರಾಗಳು, ಒಂದೊಂದರ ಹಿಂದೆಯೂ ಹೆಬ್ಬೆರಳು ದಪ್ಪದ ಒಂದು ಕೇಬಲ್. ಎಲ್ಲ ಕೇಬಲ್‌ಗಳೂ ಗೋಡೆಯಾಚೆಯ ನಿಯಂತ್ರಣ ಕೊಠಡಿಗೆ ಹೋಗಿ ಸೇರುತ್ತವೆ. ಅಲ್ಲಿನ ಒಂದು ಪುಟ್ಟ ಯಂತ್ರ ಎಲ್ಲ ಕ್ಯಾಮೆರಾಗಳಿಗೂ ಒಂದೇ ತಾಳ ಹಾಕಿಕೊಡುತ್ತದೆ. ಭಜನೆಯಲ್ಲಿ ತಾಳ ಹಾಕುವವನು ಒಬ್ಬನೇ ಇರಬೇಕಲ್ಲ, ಹಾಗೆ.

ನಾನು ಬಿ.ಎಸ್ಸಿ. ಮುಗಿಸಿ ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಣ್ಣದ ಚಿತ್ರಗಳು ಇನ್ನೂ ಅನಲಾಗ್ ರೂಪದಲ್ಲೇ ಓಡಾಡುತ್ತಿದ್ದವು. ಬಣ್ಣವನ್ನು ಹೊತ್ತ ಅಲೆ ಸೆಕೆಂಡಿಗೆ ಸುಮಾರು 44 ಲಕ್ಷ ಬಾರಿ ಕಂಪಿಸುತ್ತಿತ್ತು. ಒಮ್ಮೆ ಒಂದು ಸಂಗೀತ ಕಾರ್ಯಕ್ರಮಕ್ಕೆ ಕ್ಯಾಮೆರಾ ಮೂಲೆಗೆ ತಲುಪಲೆಂದು 25 ಮೀಟರ್ ಉದ್ದದ ಹೆಚ್ಚುವರಿ ಕೇಬಲ್ ಸೇರಿಸಿದೆ, ಯಾರಿಗೂ ಹೇಳಲಿಲ್ಲ. ಒಂದು ಚಿತ್ರ ಕರಗಿ ಇನ್ನೊಂದು ಮೂಡುವ ಹೊತ್ತಿಗೆ ಗಾಯಕಿಯ ಕೆಂಪು ಸೀರೆ ಹಸಿರು ನೀಲಿಯ ಕಡೆಗೆ ವಾಲಿತು! ಹಿರಿಯ ಎಂಜಿನಿಯರರೊಬ್ಬರು ಗುಂಡಿಯೊಂದನ್ನು ಮೆಲ್ಲಗೆ ತಿರುಗಿಸಿ ಬಣ್ಣ ಸರಿಮಾಡಿ, "ಕೇಬಲ್ಲೂ ಒಂದು ಗಡಿಯಾರವೇ ಕಣಪ್ಪ" ಎಂದರು. ಲೆಕ್ಕ ಹಾಕಿ ನೋಡಿ. ಒಂದು ಮೀಟರ್ ಕೇಬಲ್ ದಾಟಲು ಸಂಕೇತಕ್ಕೆ ಸುಮಾರು 5 ನ್ಯಾನೊಸೆಕೆಂಡ್ ಬೇಕು. ಎಂದರೆ ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಐದು ಭಾಗ. 25 ಮೀಟರಿಗೆ 125. ಬಣ್ಣದ ಅಲೆಯ ಒಂದು ಪೂರ್ತಿ ಏರಿಳಿತಕ್ಕೆ ಬೇಕಾದದ್ದು ಬರೀ 225. ನನ್ನ ಕ್ಯಾಮೆರಾ ಅರ್ಧ ಅಲೆಗಿಂತಲೂ ತಡವಾಗಿ ಬಂದಿತ್ತು. ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬುದನ್ನು 'ಫೇಸ್' ಎನ್ನುತ್ತಾರೆ. ಅಂದು ಕೆಟ್ಟದ್ದು ಫೇಸ್.

ನನ್ನ ತಪ್ಪು ಒಂದು ಗುಂಡಿ ತಿರುಗಿಸಿದರೆ ತೀರಿತು. ಏಕೆಂದರೆ ಆ ಕೇಬಲ್ಲಿನ ಉದ್ದ ಕಾರ್ಯಕ್ರಮ ಮುಗಿಯುವವರೆಗೂ ಅಷ್ಟೇ ಇತ್ತು. ಕೇಬಲ್ 25 ಮೀಟರ್ ಅಲ್ಲ, 16 ಕಿಲೋಮೀಟರ್ ಇದ್ದು, ಅದರ 'ಉದ್ದ' ಬಿಸಿಲೇರಿದಂತೆ ಹಿಗ್ಗಿ, ಸಂಜೆಯಾದಂತೆ ಕುಗ್ಗುತ್ತಿದ್ದರೆ? ಗುಂಡಿಯನ್ನು ಎಷ್ಟು ತಿರುಗಿಸಬೇಕೆಂದು ಯಾರನ್ನು ಕೇಳುವುದು? ಪರದೆಯ ಮೇಲೆ ಅರ್ಧ ಗಂಟೆಯಲ್ಲಿ ಹೇಳಲಾಗದ ಈ ಕಥೆಯನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಮೊದಲಿಗರ ಸಾಲಿನಲ್ಲಿ ನಮ್ಮ ದೇಶದ ಒಬ್ಬ ವಿದ್ಯಾರ್ಥಿ ಇದ್ದ.

ಆತನ ಹೆಸರು ಗೋವಿಂದ ಸ್ವರೂಪ್. ಉತ್ತರ ಪ್ರದೇಶದ ಠಾಕುರ್‌ದ್ವಾರದಲ್ಲಿ 1929ರಲ್ಲಿ ಹುಟ್ಟಿದವರು. 1950ರ ದಶಕದ ಕೊನೆಗೆ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೊನಾಲ್ಡ್ ಬ್ರೇಸ್‌ವೆಲ್ ಅವರ ಕೈಕೆಳಗೆ ಡಾಕ್ಟರೇಟ್‌ಗೆ ಓದುತ್ತಿದ್ದರು. ಅಲ್ಲಿ ಸೂರ್ಯನ ರೇಡಿಯೊ ಚಿತ್ರ ತೆಗೆಯಲು 32 ಪುಟ್ಟ ತಟ್ಟೆ ಆಂಟೆನಾಗಳನ್ನು ಶಿಲುಬೆಯಾಕಾರದಲ್ಲಿ ಸಾಲಾಗಿ ನಿಲ್ಲಿಸಿದ್ದರು. ಅವು ಹಿಡಿಯುತ್ತಿದ್ದುದು 9.1 ಸೆಂಟಿಮೀಟರ್ ಅಲೆಯನ್ನು. ಹೀಗೆ ಹಲವು ಆಂಟೆನಾಗಳು ಸೇರಿ ಒಂದು ದೊಡ್ಡ ದೂರದರ್ಶಕದಂತೆ ಕೆಲಸ ಮಾಡಬೇಕಾದರೆ ಒಂದು ನಿಯಮವಿದೆ: ಎಲ್ಲ ಆಂಟೆನಾಗಳಿಂದ ಬಂದ ಅಲೆಗಳು ಒಂದೇ ಫೇಸ್‌ನಲ್ಲಿ ಕೂಡಬೇಕು. ಒಂದು ದಾರಿ ಕೆಲವು ಮಿಲಿಮೀಟರ್ ಉದ್ದವಾದರೂ ಸೂರ್ಯನ ಚಿತ್ರ ಮಸುಕಾಗುತ್ತದೆ. 32 ದಾರಿಗಳನ್ನು ಹಾಗೆ ಅಳೆದು ಸರಿಹೊಂದಿಸುವುದು ಬೇಸರದ ಕೆಲಸ.

ಸ್ವರೂಪ್ ಮತ್ತು ಅವರ ಜೊತೆಗಾರ ಕೆ. ಎಸ್. ಯಾಂಗ್ ಕಂಡುಕೊಂಡ ಉಪಾಯ ಸರಳ. ದಾರಿಯ ಉದ್ದವನ್ನು ದಾರಿಯನ್ನೇ ಕೇಳಿ! ಕೇಂದ್ರದಿಂದ ಆಂಟೆನಾದ ಕಡೆಗೆ ಒಂದು ಅಲೆ ಕಳಿಸಿ. ಅದು ಆ ತುದಿಗೆ ತಗಲಿ ಪ್ರತಿಧ್ವನಿಯಂತೆ ಮರಳಲಿ. ಹೋದ ಅಲೆಗೂ ಬಂದ ಅಲೆಗೂ ಇರುವ ಫೇಸ್ ಅಂತರ ನೋಡಿದರೆ ಹೋಗಿಬರುವ ದೂರ ತಿಳಿಯಿತು. ಅದರ ಅರ್ಧ ಒಂದು ಕಡೆಯ ದೂರ. ಆದರೆ ತೊಡಕೊಂದಿದೆ. ದಾರಿಯುದ್ದಕ್ಕೂ ಇರುವ ಒಂದೊಂದು ಜೋಡಣೆಯೂ ಅಷ್ಟಿಷ್ಟು ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ. ಇಷ್ಟೆಲ್ಲ ಪ್ರತಿಧ್ವನಿಗಳಲ್ಲಿ ಕೊನೆಯ ತುದಿಯದು ಯಾವುದು? ಅದಕ್ಕಾಗಿ ಅವರು ಆ ತುದಿಯಲ್ಲಿ ಒಂದು ಡಯೋಡ್ ಇಟ್ಟು, ಪ್ರತಿಫಲನವನ್ನು ಒಂದು ಗೊತ್ತಾದ ಲಯದಲ್ಲಿ ಹೆಚ್ಚು ಕಡಿಮೆ ಮಾಡಿದರು. ಜಾತ್ರೆಯ ಸಾವಿರ ದೀಪಗಳ ನಡುವೆ ನಿಮ್ಮ ಗೆಳೆಯ ತನ್ನ ಟಾರ್ಚನ್ನು ಆರಿಸಿ ಹೊತ್ತಿಸಿ ಮಾಡಿದರೆ ಅವನದು ಯಾವುದೆಂದು ದೂರದಿಂದಲೇ ಗೊತ್ತಾಗುವುದಿಲ್ಲವೇ? 1961ರಲ್ಲಿ ಪ್ರಕಟವಾದ ಅವರ ಪ್ರಬಂಧ ಕೆಲವೇ ಪುಟಗಳದ್ದು. ಆ ವಿಧಾನವನ್ನು ರೇಡಿಯೊ ಖಗೋಳದ ಪಠ್ಯಗಳು ಇಂದಿಗೂ ಅವರಿಬ್ಬರ ಹೆಸರಿನಲ್ಲೇ ವಿವರಿಸುತ್ತವೆ.

ಆಗಿನ ದಾರಿಗಳು ಲೋಹದವು, ನೂರಾರು ಅಡಿ ಉದ್ದದವು. ದೂರ ಹೆಚ್ಚಿದಂತೆ ಲೋಹ ಸೋತಿತು. ತಾಮ್ರದ ಕೇಬಲ್ಲಿನಲ್ಲಿ ಹೆಚ್ಚು ಆವೃತ್ತಿಯ, ಎಂದರೆ ಸೆಕೆಂಡಿಗೆ ಹೆಚ್ಚು ಬಾರಿ ಕಂಪಿಸುವ ಅಲೆಗಳು ಬೇಗ ಕ್ಷೀಣಿಸುತ್ತವೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ 1970ರ ದಶಕದಲ್ಲಿ 27 ಆಂಟೆನಾಗಳ 'ವೆರಿ ಲಾರ್ಜ್ ಅರೇ' ಕಟ್ಟಿದವರು ಅದಕ್ಕಾಗಿ ಟೊಳ್ಳು ಕೊಳವೆಗಳ ಮೊರೆಹೊಕ್ಕರು. 60 ಮಿಲಿಮೀಟರ್ ಒಳವ್ಯಾಸದ ಕೊಳವೆಯನ್ನು, ಎಂದರೆ ವೇವ್‌ಗೈಡನ್ನು, ಮೂರು ದಿಕ್ಕಿಗೂ ಸುಮಾರು 21 ಕಿಲೋಮೀಟರ್‌ವರೆಗೆ ನೆಲದಲ್ಲಿ ಹೂತರು. ಮಧ್ಯದ ಗಡಿಯಾರದ ಸಂಕೇತ ಅದರೊಳಗೇ ಹೋಗಿ, ಅದರೊಳಗೇ ಮರಳಿ, ತನ್ನ ದಾರಿಯ ಉದ್ದವನ್ನು ತಾನೇ ವರದಿ ಮಾಡುತ್ತಿತ್ತು. ಟೆಲಿಫೋನಿಗೆಂದು ಇಂಥದೇ ಕೊಳವೆಯನ್ನು ನ್ಯೂ ಜರ್ಸಿಯಲ್ಲಿ ಪರೀಕ್ಷಿಸಿದ್ದ ಬೆಲ್ ಕಂಪನಿ ಅದನ್ನು ಕೈಬಿಟ್ಟಿತು. ಅಷ್ಟರಲ್ಲಿ ಗಾಜು ಬಂದಿತ್ತು.

ಗಾಜಿನ ಕಥೆ ನಿಮಗೆ ಗೊತ್ತಿರುವುದೇ. ಇಂಗ್ಲೆಂಡಿನಲ್ಲಿದ್ದ ಚಾರ್ಲ್ಸ್ ಕಾವ್ 1966ರಲ್ಲಿ, ಗಾಜನ್ನು ಸಾಕಷ್ಟು ಶುದ್ಧ ಮಾಡಿದರೆ ಅದರ ಎಳೆಯಲ್ಲಿ ಬೆಳಕು ಕಿಲೋಮೀಟರ್‌ಗಟ್ಟಲೆ ಸಾಗಬಲ್ಲದೆಂದು ತೋರಿಸಿದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯವರು ಅಂಥ ಎಳೆಯನ್ನು ಎಳೆದೇಬಿಟ್ಟರು. ಕಾವ್ ಅವರಿಗೆ 2009ರಲ್ಲಿ ನೊಬೆಲ್ ಬಂತು. ರೇಡಿಯೊ ಸಂಕೇತ ಗಾಜಿನಲ್ಲಿ ಹೋಗುವುದು ಹೇಗೆಂದು ನೀವು ಕೇಳಬಹುದು. ಲೇಸರ್ ಬೆಳಕಿನ ಪ್ರಖರತೆಯನ್ನು ರೇಡಿಯೊ ಅಲೆಯ ಲಯದಲ್ಲೇ ಏರಿಸಿ ಇಳಿಸುತ್ತಾರೆ. ಆ ತುದಿಯಲ್ಲಿ ಒಂದು ದ್ಯುತಿ ಡಯೋಡ್ ಬೆಳಕಿನ ಏರಿಳಿತವನ್ನು ಮತ್ತೆ ವಿದ್ಯುತ್ತಿನ ಏರಿಳಿತವಾಗಿ ಬದಲಿಸಿ ಕೊಡುತ್ತದೆ. ಅಷ್ಟೇ.

ಈಗ ಕ್ಯಾಲಿಫೋರ್ನಿಯಾದ ಮೊಹಾವೆ ಮರುಭೂಮಿಗೆ ಬನ್ನಿ. ಅಲ್ಲಿನ ಗೋಲ್ಡ್‌ಸ್ಟೋನ್‌ನಲ್ಲಿ ನಾಸಾ ತನ್ನ ದೂರದ ನೌಕೆಗಳ ಜೊತೆ ಮಾತಾಡುವ ದೊಡ್ಡ ಆಂಟೆನಾಗಳಿವೆ. ನಡೆಸುವವರು ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯವರು. ನೌಕೆಯ ವೇಗ ತಿಳಿಯಬೇಕಾದರೆ ಅಲೆಯೊಂದನ್ನು ಕಳಿಸಿ, ನೌಕೆ ಅದನ್ನು ಮರಳಿ ಕಳಿಸಿದಾಗ ಆವೃತ್ತಿ ಎಷ್ಟು ಬದಲಾಗಿದೆ ಎಂದು ನೋಡಬೇಕು. ರೈಲು ಹತ್ತಿರ ಬರುವಾಗ ಸಿಳ್ಳಿನ ಸ್ಥಾಯಿ ಏರಿ, ದಾಟಿದ ಮೇಲೆ ಇಳಿಯುತ್ತದಲ್ಲ, ಆ ಡಾಪ್ಲರ್ ಪರಿಣಾಮವೇ. ಅದಕ್ಕೆ ಬೇಕಾದ ಗಡಿಯಾರ ಹೈಡ್ರೋಜನ್ ಮೇಸರ್. ಹಾರ್ವರ್ಡ್‌ನಲ್ಲಿ ನಾರ್ಮನ್ ರ‍್ಯಾಮ್ಸೆ ಮತ್ತು ಸಂಗಡಿಗರು 1960ರಲ್ಲಿ ರೂಪಿಸಿದ ಇದು, ಹೈಡ್ರೋಜನ್ ಪರಮಾಣುವಿನ 1420 ಮೆಗಾಹರ್ಟ್ಸ್ ಮಿಡಿತವನ್ನು ಹಿಡಿದು ನಡೆಯುತ್ತದೆ. ಸಾವಿರ ಸೆಕೆಂಡುಗಳ ಸರಾಸರಿ ತೆಗೆದರೆ ಅದರ ಅಲುಗಾಟ ಹತ್ತು ಕೋಟಿ ಕೋಟಿಯಲ್ಲಿ ಕೆಲವೇ ಪಾಲು. ಹತ್ತು ಕೋಟಿ ಕೋಟಿಯಲ್ಲಿ ಒಂದು ಪಾಲೆಂದರೆ ಮೂರು ಕೋಟಿ ವರ್ಷಕ್ಕೆ ಒಂದು ಸೆಕೆಂಡು! ಆದರೆ ಅದು ದುಬಾರಿ. ಬಿಸಿ, ಚಳಿ, ಅದುರಾಟ, ಕಾಂತಕ್ಷೇತ್ರ ಯಾವುದೂ ತಾಗದಂತೆ ಕಾಪಾಡಬೇಕು. ಆಂಟೆನಾಕ್ಕೊಂದರಂತೆ ಇಡುವ ಬದಲು ಒಂದನ್ನೇ ಜೋಪಾನ ಮಾಡಿ, ಅದರ ಮಿಡಿತವನ್ನು ಎಲ್ಲ ಆಂಟೆನಾಗಳಿಗೂ ಹಂಚಿದರೆ ಹೇಗೆ?

ಜಾರ್ಜ್ ಲ್ಯೂಟ್ಸ್ ಮತ್ತು ಅವರ ಸಹೋದ್ಯೋಗಿಗಳು 1980ರ ಆಸುಪಾಸಿನಲ್ಲಿ ಗಾಜಿನ ಎಳೆಯ ಮೇಲೆ ಇದನ್ನು ಪ್ರಯೋಗಿಸತೊಡಗಿದರು. ಆ ದಶಕ ಮುಗಿಯುವ ಹೊತ್ತಿಗೆ ಗೋಲ್ಡ್‌ಸ್ಟೋನ್‌ನಲ್ಲಿ 29 ಕಿಲೋಮೀಟರ್ ಉದ್ದದ ಫೈಬರ್ ಮೇಲೆ ಮೇಸರಿನ ಸಂಕೇತ ಓಡುತ್ತಿತ್ತು. ಆದರೆ ನಮ್ಮ ಗಾದೆ ಇದೆಯಲ್ಲ, ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ. ಮೇಸರು ಕೊಟ್ಟದ್ದನ್ನು ಗಾಜು ಪೂರ್ತಿ ಕೊಡುವುದಿಲ್ಲ.

ಪೆನ್ಸಿಲ್ ತೆಗೆದುಕೊಳ್ಳಿ. 16 ಕಿಲೋಮೀಟರ್ ಗಾಜು ದಾಟಲು ಬೆಳಕಿಗೆ ಸುಮಾರು 78 ಮೈಕ್ರೊಸೆಕೆಂಡ್ ಬೇಕು. ಫೈಬರ್ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಈ ವೇಳೆ ಹತ್ತು ಲಕ್ಷದಲ್ಲಿ ಏಳು ಪಾಲಿನಷ್ಟು ಹೆಚ್ಚುತ್ತದೆ. ಗಾಜು ಹಿಗ್ಗುವುದು ಇದರಲ್ಲಿ ಸಣ್ಣ ಭಾಗ ಮಾತ್ರ. ಹೆಚ್ಚಿನದು ವಕ್ರೀಭವನ ಸೂಚ್ಯಂಕ ಏರುವುದರಿಂದ ಆಗುವಂಥದು. ದಾರಿ ಉದ್ದವಾಗುವುದಕ್ಕಿಂತ ಹೆಚ್ಚಾಗಿ ಬೆಳಕೇ ನಿಧಾನವಾಗುತ್ತದೆ ಎಂದರೂ ಸರಿ. ಗುಣಿಸಿದರೆ ಸುಮಾರು 0.55 ನ್ಯಾನೊಸೆಕೆಂಡ್. ಇಷ್ಟೇನಾ ಎನ್ನಬೇಡಿ. ಈ ಒಂದು ಡಿಗ್ರಿ ಒಂದು ಗಂಟೆಯಲ್ಲಿ ನಿಧಾನವಾಗಿ ಏರಿತು ಎನ್ನಿ. 3,600 ಸೆಕೆಂಡಿನಲ್ಲಿ 0.55 ನ್ಯಾನೊಸೆಕೆಂಡ್ ಜಾರಿದರೆ ಆ ತುದಿಯಲ್ಲಿರುವ ಆಂಟೆನಾಕ್ಕೆ ಗಡಿಯಾರ ಹತ್ತು ಲಕ್ಷ ಕೋಟಿಯಲ್ಲಿ ಒಂದೂವರೆ ಪಾಲು ನಿಧಾನವಾದಂತೆ ಕಾಣುತ್ತದೆ. ಇದು ಮೇಸರಿನ ಅಲುಗಾಟಕ್ಕಿಂತ ಹತ್ತಾರು ಪಟ್ಟು ಹೆಚ್ಚು. ನೆಲದಲ್ಲಿ ಆಳಕ್ಕೆ ಹೂತ ಫೈಬರ್ ಗಂಟೆಗೆ ಒಂದು ಡಿಗ್ರಿ ಏರುವುದಿಲ್ಲ, ನಿಜ. ಆದರೆ ಮೇಲೆದ್ದು ಕಟ್ಟಡದೊಳಗೆ, ಆಂಟೆನಾದ ಮೇಲೆ ಹಾದುಹೋಗುವ ತುಂಡುಗಳಿರುತ್ತವಲ್ಲ, ಅವಕ್ಕೆ ಹವಾನಿಯಂತ್ರಕ ಆನ್ ಆದದ್ದೂ ಆಫ್ ಆದದ್ದೂ ತಿಳಿಯುತ್ತದೆ.

ಪರಿಹಾರ ಸ್ಟ್ಯಾನ್‌ಫರ್ಡ್‌ನದೇ ಜಾತಿಯದು: ಸಂಕೇತವನ್ನು ಕಳಿಸಿ, ಅದೇ ಎಳೆಯಲ್ಲಿ ಮರಳಿಸಿಕೊಂಡು, ಹೋಲಿಸಿ ನೋಡುವುದು. ಎಷ್ಟು ತಡವಾಯಿತೋ ಅದರ ಅರ್ಧವನ್ನು ಹೊರಡುವ ಮುನ್ನವೇ ಕಳೆದುಬಿಟ್ಟರೆ ಆ ತುದಿಗೆ ಸರಿಯಾದ ಫೇಸ್ ಸಿಗುತ್ತದೆ. ಈ ಕಳೆಯುವ ಕೆಲಸವನ್ನು ಗೋಲ್ಡ್‌ಸ್ಟೋನ್‌ನವರು ಕೊನೆಗೆ ಮಾಡಿದ ರೀತಿ ನನಗೆ ಬಹಳ ಹಿಡಿಸಿತು. ದಾರಿಯಲ್ಲೇ ಫೈಬರಿನ ಒಂದು ದೊಡ್ಡ ಸುರುಳಿಯನ್ನು ಸೇರಿಸಿ ಅದನ್ನು ಬಿಸಿ ಹತೋಟಿಯ ಪೆಟ್ಟಿಗೆಯಲ್ಲಿ ಇಟ್ಟರು. ಹೊರಗಿನ ಫೈಬರ್ ಬಿಸಿಯಾಗಿ ತಡಮಾಡಿದರೆ ಸುರುಳಿಯನ್ನು ತಣಿಸುವುದು. ಹೊರಗೆ ತಣ್ಣಗಾದರೆ ಸುರುಳಿಯನ್ನು ಕಾಯಿಸುವುದು. ಮುಳ್ಳನ್ನು ಮುಳ್ಳಿನಿಂದಲೇ ತೆಗೆದ ಹಾಗೆ! ಆದರೆ ಒಂದು ಷರತ್ತಿದೆ, ನೆನಪಿಡಿ. ಹೋಗುವ ದಾರಿ ಬರುವ ದಾರಿ ಎರಡೂ ಒಂದೇ ಆಗಿದ್ದರೆ ಮಾತ್ರ ಅರ್ಧದ ಲೆಕ್ಕ ಸರಿ. ಎರಡು ಬೇರೆ ಎಳೆಗಳನ್ನು ಬಳಸಿದರೆ ಒಂದು ಬಿಸಿಲಲ್ಲಿ, ಒಂದು ನೆರಳಲ್ಲಿ ಎಂಬಂತಾಗಿ ಲೆಕ್ಕ ತಪ್ಪುತ್ತದೆ.

ಇಷ್ಟೆಲ್ಲ ಪಾಡು ಯಾಕೆಂಬ ಪ್ರಶ್ನೆಗೆ ಉತ್ತರ 2002ರ ಜೂನ್ ತಿಂಗಳಲ್ಲಿದೆ. 1997ರಲ್ಲಿ ಹೊರಟಿದ್ದ ಕ್ಯಾಸಿನಿ ನೌಕೆ ಶನಿಗ್ರಹದತ್ತ ಸಾಗುತ್ತಿತ್ತು. ಆ ತಿಂಗಳ 21ರಂದು ಭೂಮಿ, ಸೂರ್ಯ, ಕ್ಯಾಸಿನಿ ಮೂರೂ ಬಹುಮಟ್ಟಿಗೆ ಒಂದೇ ಗೆರೆಯಲ್ಲಿ ಬಂದವು. ನೌಕೆಗೆ ಹೋಗಿಬರುವ ರೇಡಿಯೊ ಅಲೆ ಸೂರ್ಯನ ಕೇಂದ್ರದಿಂದ 1.6 ಸೂರ್ಯತ್ರಿಜ್ಯದಷ್ಟು ಹತ್ತಿರದಲ್ಲಿ ಹಾದುಹೋಯಿತು. ಐನ್‌ಸ್ಟೈನರ ಸಿದ್ಧಾಂತದಂತೆ ಸೂರ್ಯನ ಪಕ್ಕದಲ್ಲಿ ಹಾಯುವ ಅಲೆ ಸ್ವಲ್ಪ ತಡವಾಗಬೇಕು. ಇದನ್ನು 1964ರಲ್ಲಿ ಎತ್ತಿ ತೋರಿಸಿದವರು ಅರ್ವಿನ್ ಷಪೀರೊ. ದಿನದಿಂದ ದಿನಕ್ಕೆ ಅಲೆಯ ದಾರಿ ಸೂರ್ಯನಿಗೆ ಹತ್ತಿರವಾಗಿ ಮತ್ತೆ ದೂರವಾಗುವುದರಿಂದ ಈ ತಡವೂ ಬದಲಾಗುತ್ತ, ಆವೃತ್ತಿಯಲ್ಲಿ ಒಂದು ಪುಟ್ಟ ಪಲ್ಲಟವಾಗಿ ಕಾಣಿಸಬೇಕು. ಅತಿ ಹೆಚ್ಚೆಂದರೆ ಸಾವಿರ ಕೋಟಿಯಲ್ಲಿ ಆರು ಪಾಲು.

ಆ ಅಲೆಯನ್ನು ಕಳಿಸಿ ಮರಳಿ ಹಿಡಿದದ್ದು ಗೋಲ್ಡ್‌ಸ್ಟೋನ್‌ನ 34 ಮೀಟರ್ ಆಂಟೆನಾ. ಅದರ ಮೇಸರ್ ಇದ್ದದ್ದು 16 ಕಿಲೋಮೀಟರ್ ಆಚೆ. ನಡುವೆ ನಾವೀಗ ಲೆಕ್ಕ ಹಾಕಿದಂಥ ಫೈಬರ್. ಅಲೆ ಕ್ಯಾಸಿನಿಯನ್ನು ಮುಟ್ಟಿ ಬರಲು ಸುಮಾರು 2 ಗಂಟೆ 20 ನಿಮಿಷ ಬೇಕಿತ್ತು. ಕಳಿಸುವಾಗ ಇದ್ದ ಗಡಿಯಾರಕ್ಕೂ ಮರಳಿ ಬಂದಾಗ ಹೋಲಿಸುವ ಗಡಿಯಾರಕ್ಕೂ ಅಷ್ಟು ಹೊತ್ತಿನಲ್ಲಿ ವ್ಯತ್ಯಾಸವಾಗಿದ್ದರೆ, ಅದು ಫೈಬರಿನ ಬಿಸಿಯಿಂದ ಆದದ್ದೋ ಸೂರ್ಯನ ಗುರುತ್ವದಿಂದ ಆದದ್ದೋ ಹೇಗೆ ಹೇಳುವುದು? ಮೊದಲಿನ ಪೆನ್ಸಿಲ್ ಲೆಕ್ಕವನ್ನು ಇಲ್ಲಿಗೆ ತನ್ನಿ. ಗಂಟೆಗೆ ಒಂದು ಡಿಗ್ರಿ ಜಾರಿಕೆಯ ತಪ್ಪು, ಹುಡುಕುತ್ತಿದ್ದ ಪಲ್ಲಟದ ನಾಲ್ಕು ಸಾವಿರದ ಒಂದು ಭಾಗ. ಸಣ್ಣದಲ್ಲವೇ? ಆದರೆ ಇಟಲಿಯ ಬ್ರೂನೊ ಬೆರ್ಟೊಟ್ಟಿ, ಲೂಚಾನೊ ಯೆಸ್, ಪಾವ್ಲೊ ಟೊರ್ಟೊರಾ 2003ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶದ ನಿಖರತೆ ಅದಕ್ಕಿಂತ ಹತ್ತು ಪಟ್ಟು ಸೂಕ್ಷ್ಮ. ಐನ್‌ಸ್ಟೈನರ ಪ್ರಕಾರ ಸರಿಯಾಗಿ 1 ಇರಬೇಕಾದ ಒಂದು ಸಂಖ್ಯೆ, ಅವರ ಅಳತೆಯಲ್ಲಿ 1.000021 ಬಂತು, ಅನುಮಾನದ ಅಂಚು 0.000023. ಹಿಂದಿನ ಯಾವ ಪರೀಕ್ಷೆಯೂ ಆ ಸಿದ್ಧಾಂತವನ್ನು ಈ ಸಂಖ್ಯೆಯಲ್ಲಿ ಅಷ್ಟು ಬಿಗಿಯಾಗಿ ಹಿಡಿದಿರಲಿಲ್ಲ. ಆ ಗೆಲುವಿನಲ್ಲಿ ಮುಖ್ಯ ಪಾಲು ಸೂರ್ಯನ ಬಿಸಿ ಅನಿಲದ ಕಾಟವನ್ನು ಕಳೆಯಲು ಒಟ್ಟಿಗೆ ಬಳಸಿದ ಎರಡು ಬಗೆಯ ಆವೃತ್ತಿಗಳದ್ದು; ಅದನ್ನು ಮರೆಮಾಚಬಾರದು. ಆದರೆ ಹೂತ ಗಾಜಿನ ಎಳೆಯನ್ನು ನಂಬಲಾಗದಿದ್ದರೆ ಆ ಗೆಲುವಿಗೆ ಕಾಲೂರಲು ನೆಲವೇ ಇರುತ್ತಿರಲಿಲ್ಲ.

ಈಗ ಮತ್ತೆ ಗೋವಿಂದ ಸ್ವರೂಪರ ಕಡೆಗೆ. 1963ರಲ್ಲಿ ಅವರು ದೇಶಕ್ಕೆ ಮರಳಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. ನಮ್ಮ ನೆರೆಯ ಊಟಿಯಲ್ಲಿ 1970ರಲ್ಲಿ ರೇಡಿಯೊ ದೂರದರ್ಶಕ ಎದ್ದಿತು. ಅನಂತರದ್ದು ಪುಣೆಯಿಂದ ಸುಮಾರು 80 ಕಿಲೋಮೀಟರ್ ಉತ್ತರಕ್ಕೆ, ನಾರಾಯಣಗಾಂವ್ ಬಳಿಯ ಖೋಡದ್‌ನ 'ಜಯಂಟ್ ಮೀಟರ್‌ವೇವ್ ರೇಡಿಯೊ ಟೆಲಿಸ್ಕೋಪ್'. ಒಂದೊಂದೂ 45 ಮೀಟರ್ ವ್ಯಾಸದ 30 ಆಂಟೆನಾಗಳು. 14 ಮಧ್ಯದಲ್ಲಿ, 16 ಮೂರು ಕವಲುಗಳಲ್ಲಿ, 25 ಕಿಲೋಮೀಟರ್ ಹರವಿನಲ್ಲಿ. 1990ರ ದಶಕದಲ್ಲಿ, ನಮ್ಮ ಬಹುಪಾಲು ಊರುಗಳು ಫೈಬರಿನ ಹೆಸರೂ ಕೇಳಿಲ್ಲದಿದ್ದಾಗ, ಅಲ್ಲಿ ಎಲ್ಲ ಆಂಟೆನಾಗಳನ್ನೂ ಗಾಜಿನ ಎಳೆಗಳಿಂದಲೇ ಜೋಡಿಸಿದರು. ಮಧ್ಯದ ಕಟ್ಟಡದಿಂದ 106 ಮತ್ತು 201 ಮೆಗಾಹರ್ಟ್ಸ್‌ನ ಮೂಲ ಸಂಕೇತಗಳು ಅದರಲ್ಲಿ ಹೋಗುತ್ತವೆ, ಆಕಾಶದಿಂದ ಹಿಡಿದದ್ದು ಮರಳಿ ಬರುತ್ತದೆ. ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರ ಕೈಯೂ ಇದರಲ್ಲಿದೆ; ದೂರದರ್ಶಕದ ಅತಿ ಹೆಚ್ಚಿನ ಆವೃತ್ತಿಯ, ಎಂದರೆ 1,000ದಿಂದ 1,450 ಮೆಗಾಹರ್ಟ್ಸ್‌ನ ಗ್ರಾಹಕಗಳನ್ನು ಮಾಡಿಕೊಟ್ಟವರು ಅವರೇ.

ಖೋಡದ್‌ಗೆ ಗೋಲ್ಡ್‌ಸ್ಟೋನ್‌ನಷ್ಟು ಕಟ್ಟುನಿಟ್ಟು ಬೇಕಿರಲಿಲ್ಲ ಎಂಬುದನ್ನೂ ಹೇಳಬೇಕು. ಮೀಟರ್ ಉದ್ದದ ಅಲೆಗೆ ಮಿಲಿಮೀಟರಿನ ತಪ್ಪು ಲೆಕ್ಕಕ್ಕಿಲ್ಲ. ಜೊತೆಗೆ ಖಗೋಳ ವಿಜ್ಞಾನಿಗಳ ಬಳಿ ಇನ್ನೊಂದು ಉಪಾಯವಿದೆ: ಆಗಾಗ ದೂರದರ್ಶಕವನ್ನು ಸ್ಥಾನ ಗೊತ್ತಿರುವ ಒಂದು ಪ್ರಖರ ರೇಡಿಯೊ ಆಕರದ ಕಡೆಗೆ ತಿರುಗಿಸಿ, ಅದು ಸರಿಯಾದ ಜಾಗದಲ್ಲಿ ಕಾಣುತ್ತಿದೆಯೇ ಎಂದು ನೋಡಿ, ಉಳಿದ ತಪ್ಪನ್ನು ತಿದ್ದಿಕೊಳ್ಳುವುದು. ತಕ್ಕಡಿಗೆ ಮೊದಲು ಗೊತ್ತಿರುವ ಕಲ್ಲಿಟ್ಟು ನೋಡಿದ ಹಾಗೆ. ದೂರದರ್ಶಕವನ್ನು 2001ರ ಅಕ್ಟೋಬರ್ 4ರಂದು ದೇಶಕ್ಕೆ ಅರ್ಪಿಸಲಾಯಿತು. ಸ್ವರೂಪ್ 2020ರಲ್ಲಿ ತೀರಿಕೊಂಡರು.

ಈಚೆಗೆ ದೂರ ಬಹಳ ಬೆಳೆದಿದೆ. ಪೋಲೆಂಡಿನಲ್ಲಿ ಕ್ರಾಕೋವ್‌ನ ಎಂಜಿನಿಯರರು 2012ರಲ್ಲಿ ವಾರ್ಸಾ ಮತ್ತು ಪೋಜ್ನಾನ್ ಬಳಿಯ ಬೊರೊವಿಯೆಟ್ಸ್ ನಡುವಿನ 420 ಕಿಲೋಮೀಟರ್ ಫೈಬರ್ ಮೇಲೆ ಪರಮಾಣು ಗಡಿಯಾರಗಳ ಸಂಕೇತ ಕಳಿಸಿದರು. ಇಷ್ಟು ದೂರಕ್ಕೆ ಒಂದು ಡಿಗ್ರಿ ಏರಿಳಿತವೆಂದರೆ ಸುಮಾರು 15 ನ್ಯಾನೊಸೆಕೆಂಡ್. ಕಾಯಿಸುವ ಸುರುಳಿ ಇಲ್ಲಿಗೆ ಸಾಲದು. ಅವರು ಒಂದೇ ಚಿಪ್ಪಿನ ಮೇಲೆ ಅವಳಿ ವಿಳಂಬ ಮಂಡಲಗಳನ್ನು ಮಾಡಿ, ಒಂದನ್ನು ಹೋಗುವ ಸಂಕೇತಕ್ಕೆ, ಇನ್ನೊಂದನ್ನು ಬರುವ ಸಂಕೇತಕ್ಕೆ ಹಾಕಿ, ಎರಡನ್ನೂ ಒಟ್ಟಿಗೆ ಏರಿಸಿ ಇಳಿಸಿದರು.

ದಕ್ಷಿಣ ಆಫ್ರಿಕದ ಕಾರೂ ಬಯಲಿನಲ್ಲಿ ಈಗ 197 ಆಂಟೆನಾಗಳ 'ಸ್ಕ್ವೇರ್ ಕಿಲೋಮೀಟರ್ ಅರೇ' ಕಟ್ಟುತ್ತಿದ್ದಾರೆ. ಈ ಯೋಜನೆಯಲ್ಲಿ ಭಾರತವೂ ಸದಸ್ಯ. ಅದರ ತಯಾರಿಗಾಗಿ ಆಸ್ಟ್ರೇಲಿಯಾದ ಸಂಶೋಧಕರು ಆ ಬಯಲಿನಲ್ಲಿ, ಹೂತ ಫೈಬರ್ ಮೇಲಲ್ಲ, ಕಂಬದಿಂದ ಕಂಬಕ್ಕೆ ಎಳೆದ 150 ಕಿಲೋಮೀಟರಿಗೂ ಉದ್ದದ ಫೈಬರ್ ಮೇಲೆ ಸಂಕೇತ ಕಳಿಸಿ ನೋಡಿದರು. 2017ರಲ್ಲಿ ಅವರು ವರದಿ ಮಾಡಿದ ಪ್ರಕಾರ ಸೆಕೆಂಡುಗಳ ಲೆಕ್ಕದಲ್ಲಿ ಅಲ್ಲಿನ ದೊಡ್ಡ ಕಾಟ ಬಿಸಿಲಲ್ಲ, ಗಾಳಿ. ತಂತಿ ತೂಗಿದಂತೆಲ್ಲ ಬೆಳಕಿನ ದಾರಿ ಚೂರು ಚೂರೇ ಹಿಗ್ಗಿ ಕುಗ್ಗುತ್ತದೆ. ಆ ದೂರಕ್ಕೆ ಸಂಕೇತ ಹೋಗಿಬರಲು ಸುಮಾರು ಒಂದೂವರೆ ಮಿಲಿಸೆಕೆಂಡ್ ಬೇಕು. ಅದಕ್ಕಿಂತ ವೇಗದ ಅಲುಗಾಟವನ್ನು ಯಾವ ಜಾಣ ಸಾಧನವೂ ತಿದ್ದಲಾರದು, ಏಕೆಂದರೆ ಸುದ್ದಿ ಬರುವಷ್ಟರಲ್ಲಿ ತಂತಿ ಬೇರೆಡೆ ಇರುತ್ತದೆ. ಪುಣ್ಯಕ್ಕೆ, ಗಾಳಿಗೆ ತೂಗುವ ತಂತಿ ಅಷ್ಟು ಅವಸರದ್ದಲ್ಲ.